ಬಿಡ್ತು ಅನ್ನಿಸಿದ ಸಂಜೆ

ಸಂಜೆ ಆರೂ ಮುಕ್ಕಾಲಿಗೆ ನನ್ನ ಬಾಯಲ್ಲಿ ಹಾಜರಿ ಶುರುವಾಗುತ್ತದೆ. ನಿವೃತ್ತಳಾಗಿ ಒಂಬತ್ತು ವರ್ಷವಾಯಿತು. ಕೈಯಲ್ಲಿ ರಜಿಸ್ಟರ್ ಇಲ್ಲ, ಎದುರಿಗೆ ಹುಡುಗಿಯರ ಸಾಲಿಲ್ಲ. ಬೈಲಹೊಂಗಲದ ನನ್ನ ಮನೆಯ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿರುತ್ತೇನೆ. ಆದರೂ ಒಂದು, ಎರಡು, ಮೂರು ಎಂದು ನಂಬರುಗಳು ತಾವಾಗಿಯೇ ಹೊರಟು ನಲವತ್ತೆರಡಕ್ಕೆ ನಿಲ್ಲುತ್ತವೆ. ಹದಿನೆಂಟು ಆದ ಮೇಲೆ ನಾನು ಇಪ್ಪತ್ತಕ್ಕೆ ಹಾರುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೆಯೇ ಹಾರಿದೆ.

ನಾನು ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ವಾರ್ಡನ್ ಆಗಿದ್ದೆ. ನಲವತ್ತೆರಡು ಮಂಚ, ನಲವತ್ತೆರಡು ತಾಟು, ನಲವತ್ತೆರಡು ಬಕೆಟ್. ಬಕೆಟ್ಟಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿದ್ದೆ. ಹುಡುಗಿಯರನ್ನೂ ಅದೇ ನಂಬರಿನಿಂದ ಕರೆಯುತ್ತಿದ್ದೆ. ಹೆಸರು ಹಿಡಿದು ಕರೆದರೆ ಒಬ್ಬಳ ಮೇಲೆ ಹೆಚ್ಚು ಪ್ರೀತಿ, ಇನ್ನೊಬ್ಬಳ ಮೇಲೆ ಕಡಿಮೆ ಎಂಬ ಮಾತು ಬರುತ್ತದೆ ಎಂಬುದು ನನ್ನ ಲೆಕ್ಕ. ನಾನೇ ಏಳನೆಯ ವಯಸ್ಸಿಗೆ ವಸತಿ ಶಾಲೆ ಸೇರಿದವಳು. ನಾಲ್ಕೂ ಮುಕ್ಕಾಲಿಗೆ ಎಚ್ಚರದ ಗಂಟೆ, ಐದಕ್ಕೆ ಪ್ರಾರ್ಥನೆ, ಐದೂವರೆಗೆ ಕವಾಯತು. ಅಲ್ಲಿ ನನ್ನನ್ನು ಹೀಗೆಯೇ ಬೆಳೆಸಿದರು. ನನಗೆ ಅದರಿಂದ ಕೆಟ್ಟದ್ದೇನೂ ಆಗಿರಲಿಲ್ಲವಾದ್ದರಿಂದ ಯಾರಿಗೂ ಆಗುವುದಿಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ಜುಲೈ ತಿಂಗಳಲ್ಲಿ ಒಂದು ಫೋನ್ ಬಂತು. ಅತ್ತ ಕಡೆಯ ಹೆಂಗಸಿನ ದನಿ ಹೆಸರು ಹೇಳಲಿಲ್ಲ.

"ಬಾಯಾರ, ನಾನ್ರಿ, ಇಪ್ಪತ್ತು."

ನಮ್ಮ ಕಡೆ ಶಿಕ್ಷಕಿಯರನ್ನೂ ವಾರ್ಡನ್ನರನ್ನೂ ಬಾಯಾರು ಎನ್ನುತ್ತಾರೆ. ಆ ಕರೆಯ ರಾಗದಿಂದಲೇ ಗುರುತು ಹತ್ತಿತು. ಇಪ್ಪತ್ತು ನಂಬರಿನವಳು ಈಗ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ; ಮನಸ್ಸು ಸೋತವರ ಮಾತು ಕೇಳುವುದು ಅವಳ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಅವಳು ಮೂರು ಮೂರು ದಿನದ ತರಬೇತಿ ನಡೆಸುವವಳಿದ್ದಳು. ಸಾಯುವ ಯೋಚನೆಗೆ ಬಿದ್ದ ಹುಡುಗ ಹುಡುಗಿಯರು ತಂದೆ ತಾಯಿಗಾಗಲಿ ಮೇಷ್ಟ್ರಿಗಾಗಲಿ ಮೊದಲು ಹೇಳುವುದಿಲ್ಲವಂತೆ. ಹೇಳಿದರೆ ಪಕ್ಕದ ಬೆಂಚಿನವರಿಗೆ ಹೇಳುತ್ತಾರೆ. ಆ ಪಕ್ಕದ ಬೆಂಚಿನವರನ್ನು ತಯಾರು ಮಾಡುವ ತರಬೇತಿ ಅದು. ಹಾಜರಿ, ಹೊತ್ತು, ಕುರ್ಚಿ, ಚಹಾ ಇವನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು.

"ನೀವು ಬಂದು ಸೀಟಿ ಊದಿದ್ರ ಸಾಕ್ರಿ," ಎಂದು ನಕ್ಕಳು. ಸೀಟಿ ಇನ್ನೂ ಇದೆ, ಊದಲು ಹಲ್ಲಿಲ್ಲ ಎಂದೆ. ಆದರೆ ಫೋನ್ ಇಟ್ಟ ಮೇಲೆ ಇನ್ನೊಂದು ನಂಬರ್ ನೆನಪಾಯಿತು. ಅವಳು ಹತ್ತೊಂಬತ್ತನೆಯವಳ ಮಗ್ಗುಲ ಮಂಚದವಳು.

ಮೊದಲ ತರಬೇತಿ ನಮ್ಮೂರಿನಲ್ಲೇ ಆಯಿತು. ಮೂವತ್ತೆರಡು ವಿದ್ಯಾರ್ಥಿಗಳು. ಕುರ್ಚಿಗಳನ್ನು ನಾನು ಸಾಲಾಗಿ ಹಾಕಿಸಿದ್ದೆ. ಇಪ್ಪತ್ತು ಬಂದವಳೇ ಅವನ್ನು ದುಂಡಗೆ ಹಾಕಿಸಿದಳು. ನನಗೆ ಅದು ಸರಿಬರಲಿಲ್ಲ. ಅವಳು ಹಲಗೆಯ ಮೇಲೆ ಮೂರು ಸಾಲು ಬರೆದಳು. ನೇರವಾಗಿ ಕೇಳು. ಪೂರ್ತಿ ಕೇಳಿಸಿಕೊ. ಒಬ್ಬರನ್ನೇ ಬಿಟ್ಟು ಹೋಗಬೇಡ. ಆಮೇಲೆ ಕೆಂಪು ಸೀಮೆಸುಣ್ಣ ಎತ್ತಿಕೊಂಡು ಕೆಳಗೆ ನಾಲ್ಕನೆಯ ಸಾಲು ಬರೆದಳು.

ಬಿಡ್ತು ಅನ್ನಿಸಬೇಡ.

ಬಾಗಿಲ ಬಳಿ ರಜಿಸ್ಟರ್ ಹಿಡಿದು ಕುಳಿತಿದ್ದ ನನ್ನ ಪೆನ್ನು ನಿಂತಿತು. ಹುಡುಗರು ನಕ್ಕರು. ಅವರ ಮನೆಗಳಲ್ಲೆಲ್ಲ ಅದು ನಡೆಯುವ ಮಾತು. ಯಾರ ಬಾಯಿಂದಲಾದರೂ ಸಾವಿನ ಮಾತೋ ಅಪಶಕುನದ ಮಾತೋ ಬಂದರೆ ಹಿರಿಯರು ತಟ್ಟನೆ ಬಿಡ್ತು ಅನ್ನು ಎನ್ನುತ್ತಾರೆ. ಅಂದವರು ಬಿಡ್ತು ಎನ್ನಬೇಕು. ಅಲ್ಲಿಗೆ ಆಡಿದ ಮಾತು ಆಡದ ಹಾಗಾಯಿತು, ದೋಷ ಹೋಯಿತು ಎಂಬ ನಂಬಿಕೆ. ಹುಡುಗರಿಗೆ ಇಪ್ಪತ್ತು ತಿಳಿಸಿ ಹೇಳಿದಳು: ಒಬ್ಬರು ಕಷ್ಟಪಟ್ಟು ಬಾಯಿ ತೆರೆದಾಗ ನಾವು ಬಿಡ್ತು ಅನ್ನಿಸಿದರೆ ಬಾಯಿ ಮುಚ್ಚುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ ಎಂದುಕೊಂಡೆ. ಆ ಸಂಜೆ ಉಗ್ರಾಣದಲ್ಲಿ ಇದ್ದವರು ನಾನು, ಹತ್ತೊಂಬತ್ತು, ಇಬ್ಬರೇ.

ಅದನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ದೀಪಾವಳಿಯ ರಜೆಗೆ ಒಂದು ದಿನ ಬಾಕಿ ಇತ್ತು. ಆರೂವರೆಯಾಗಿತ್ತು, ಹಾಜರಿಗೆ ಇನ್ನೂ ಹದಿನೈದು ನಿಮಿಷ. ನಾನು ಉಗ್ರಾಣದಲ್ಲಿ ಜೋಳದ ಚೀಲಗಳನ್ನು ಎಣಿಸುತ್ತಿದ್ದೆ. ಹತ್ತೊಂಬತ್ತು ಬಂದಳು. ಎರಡನೆಯ ವರ್ಷದ ಬಿ.ಎ. ಹುಡುಗಿ. ತೆಳ್ಳಗೆ, ಎತ್ತರಕ್ಕೆ, ಎರಡು ಜಡೆ. ಮೂರು ತಿಂಗಳಿಂದ ಊಟ ಕಡಿಮೆ ಮಾಡಿದ್ದಳು; ಅಡುಗೆಯವಳು ಹೇಳಿದ್ದಳು, ನಾನು ಹೊಟ್ಟೆಹುಳದ ಗುಳಿಗೆ ಕೊಡಿಸಿದ್ದೆ. ಕೈಯಲ್ಲಿ ಬಕೆಟ್ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಹೊಸದರಂತೆ ಹೊಳೆಯುತ್ತಿತ್ತು. ಅದರೊಳಗೆ ತಾಟು, ಲೋಟ, ಪೆಟ್ಟಿಗೆಯ ಕೀಲಿಕೈ.

ಈ ಸಾಮಾನುಗಳನ್ನು ವರ್ಷದ ಕೊನೆಗೆ ಮರಳಿಸಬೇಕೆಂಬುದು ನಿಯಮ. ಮರಳಿಸಿರೆಂದು ನಾನು ಹತ್ತು ಸಲ ಸೀಟಿ ಊದಬೇಕಾಗುತ್ತಿತ್ತು. ಇವಳು ಕೇಳದೆ ತಂದಿದ್ದಳು, ಅದೂ ಅರ್ಧ ವರ್ಷಕ್ಕೇ. ಯಾಕೆ ಎಂಬುದು ನನ್ನ ತಲೆಗೆ ಬರಲಿಲ್ಲ. ಬಂದದ್ದು ಒಂದೇ: ಎಂಥ ಶಿಸ್ತಿನ ಹುಡುಗಿ.

"ಭೇಷ್," ಎಂದೆ. "ವಸ್ತು ಕೊಡೂದಂದ್ರ ಹಿಂಗ ಕೊಡಬೇಕು."

ಅವಳು ಹೋಗಲಿಲ್ಲ. ಚೀಲಕ್ಕೆ ಒರಗಿ ನಿಂತು ನೆಲ ನೋಡುತ್ತ ಹೇಳಿದಳು: "ಬಾಯಾರ, ನನ್ನ ನಂಬರ ಇನ್ನ ಬ್ಯಾರೆದವ್ರಿಗೆ ಕೊಡ್ರಿ."

"ಯಾಕ, ನೀ ಎಲ್ಲಿ ಹೊಂಟಿ?"

"ನಾ ಇದ್ರ ಅಲ್ರಿ ಎಲ್ಲೆರ ಹೋಗೂದು."

ಈಗ ಓದುವವರಿಗೆ ಅದು ಬಾಗಿಲು ಬಡಿದ ಸದ್ದಿನಂತೆ ಕೇಳಿಸುತ್ತದೆ. ನನಗೆ ಕೇಳಿಸಿದ್ದು ದೀಪ ಹಚ್ಚುವ ಹೊತ್ತಿನಲ್ಲಿ ಆಡಬಾರದ ಮಾತು ಮಾತ್ರ. ನನ್ನ ಅವ್ವ, ನನ್ನ ವಸತಿ ಶಾಲೆಯ ಬಾಯಾರು ಏನು ಹೇಳುತ್ತಿದ್ದರೋ ಅದನ್ನೇ ಹೇಳಿದೆ.

"ದೀಪ ಹಚ್ಚೂ ಹೊತ್ನ್ಯಾಗ ಏನ್ ಮಾತದು. ಬಿಡ್ತು ಅನ್ನು."

ಅವಳು ನನ್ನ ಮುಖ ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಹೇಳಿದಂತೆ ಕೇಳುವ ಹುಡುಗಿಯಾಗಿ, "ಬಿಡ್ತ್ರಿ," ಎಂದಳು. ಹೊರಗೆ ಹೋದಳು. ಹದಿನೈದು ನಿಮಿಷದ ಮೇಲೆ ಹಾಜರಿಯಲ್ಲಿ ಹತ್ತೊಂಬತ್ತು ಎಂದು ಕೂಗಿದೆ. "ಹಾಜರ್ ಬಾಯಾರ" ಎಂದಳು. ಗುರುತು ಹಾಕಿದೆ. ಊಟದ ಸಾಲಿನಲ್ಲಿ ಆ ಬಕೆಟ್ಟನ್ನು ಎತ್ತಿ ಹಿಡಿದು ನಲವತ್ತೊಂದು ಹುಡುಗಿಯರಿಗೆ ತೋರಿಸಿದೆ. ಇದನ್ನು ನೋಡಿ ಕಲಿಯಿರಿ ಎಂದೆ.

ಮರುದಿನ ಅವಳು ಊರಿಗೆ ಹೋದಳು. ಮೂರನೆಯ ದಿನ ಸುದ್ದಿ ಬಂತು. ಹೇಗೆ ಎಂಬುದನ್ನು ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದಳು ಎಂದು ಕೆಲವರು, ಒಲ್ಲದ ಕಡೆ ಸಂಬಂಧ ನೋಡಿದ್ದರು ಎಂದು ಕೆಲವರು ಅಂದರು. ಒಂದೇ ಕಾರಣ ಇರುವುದಿಲ್ಲ ಎಂದು ಈಗ ತರಬೇತಿಯಲ್ಲಿ ಕಲಿತೆ. ಆಗ ನಾನೂ ಎಲ್ಲರಂತೆ ಒಂದು ಕಾರಣ ಹುಡುಕಿದೆ, ಅದು ಉಗ್ರಾಣದಿಂದ ದೂರ ಇರುವಂಥದ್ದು. ಹತ್ತೊಂಬತ್ತನೆಯ ನಂಬರನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಬಕೆಟ್ಟಿನ ಮೇಲಿನ ಬಣ್ಣವನ್ನು ಮರಳು ಹಾಕಿ ತಿಕ್ಕಿದೆ. ಒಂದು ಪೂರ್ತಿ ಹೋಯಿತು, ಒಂಬತ್ತರ ತಲೆ ಉಳಿಯಿತು. ನಾನು ನಿವೃತ್ತಳಾಗುವ ದಿನವೂ ಅದು ಉಗ್ರಾಣದ ಮೂಲೆಯಲ್ಲಿ ಬೋರಲಾಗಿ ಕುಳಿತಿತ್ತು.

ಎರಡನೆಯ ತರಬೇತಿ ಕಿತ್ತೂರಿನಲ್ಲಿ. ಕಾಲೇಜು ಹೆದ್ದಾರಿಯ ಹತ್ತಿರ. ಲಾರಿ ಹೋದಾಗಲೆಲ್ಲ ಮಾತು ನಿಲ್ಲಿಸಿ, ಸದ್ದು ಇಳಿದ ಮೇಲೆ ಇಪ್ಪತ್ತು ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಅಲ್ಲಿ ಒಬ್ಬ ಹುಡುಗ ಎದ್ದು ನಿಂತ. ಹೀಗೆ ಮುಖದ ಮೇಲೆ ಕೇಳಿದರೆ ಇಲ್ಲದ ವಿಚಾರವನ್ನು ನಾವೇ ಅವನ ತಲೆಯಲ್ಲಿ ಹಾಕಿದಂತಾಗುವುದಿಲ್ಲವೇ ಎಂದ. ಇದು ನನ್ನ ಪ್ರಶ್ನೆಯೂ ಆಗಿತ್ತು. ರಜಿಸ್ಟರ್ ಮುಚ್ಚಿ ಕಿವಿಗೊಟ್ಟೆ.

"ಹೊಟ್ಟಿ ನೋಯ್ತೈತೇನು ಅಂತ ಕೇಳಿದ್ರ ಹೊಟ್ಟಿನೋವು ಬರ್ತೈತೇನೋ ತಮ್ಮಾ?" ಎಂದು ಇಪ್ಪತ್ತು ಕೇಳಿದಳು. ಇಲ್ಲ ಎಂದ. ಇದೂ ಹಾಗೆಯೇ ಎಂದಳು. ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ, ಒಬ್ಬರಾದರೂ ಕೇಳಿದರಲ್ಲ ಎಂದು ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ಆಮೇಲೆ ಜೋಡಿಯಾಗಿ ಕುಳಿತು ಅಭ್ಯಾಸ ಮಾಡಬೇಕು. ಒಬ್ಬರು ಬೇಸತ್ತವರು, ಒಬ್ಬರು ಗೆಳೆಯರು. ಗೆಳೆಯರು ಆ ಪ್ರಶ್ನೆಯನ್ನು ಬಿಚ್ಚಿ ಕೇಳಬೇಕು. ಇಡೀ ಕೋಣೆ ತೊದಲಿತು.

"ನಿನಗ ಅದು... ಅದರ ವಿಚಾರ ಬರ್ತೈತೇನಲೇ?" ಎಂದು ಆ ಹುಡುಗನೇ ತನ್ನ ಜೋಡಿಯವನನ್ನು ಕೇಳಿದ.

"ಯಾವುದರದು?"

"ಅದ ಲೇ, ಅದು."

"ಲಗ್ನದ್ದೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೆ ಇಪ್ಪತ್ತು ಒಬ್ಬೊಬ್ಬರಿಂದಲೂ ಆ ವಾಕ್ಯ ಹೇಳಿಸಿದಳು. ಕೊನೆಗೆ ಕೋಣೆಯಲ್ಲಿ ಹೇಳದೆ ಉಳಿದವಳು ನಾನೊಬ್ಬಳೇ. ಅವಳು ನನ್ನನ್ನು ಕೇಳಲಿಲ್ಲ. ನಾನು ಚಹಾದ ಲೋಟ ಎಣಿಸಲು ಎದ್ದು ಹೋದೆ.

ಸವದತ್ತಿಯ ತರಬೇತಿ ಶುರುವಾದದ್ದು ಶುಕ್ರವಾರ. ಬಸ್ಸಿನ ತುಂಬ ದೇವಿಯ ಗುಡ್ಡಕ್ಕೆ ಹೋಗುವವರು. ಸೀಟಿನ ಮೇಲೆ, ನನ್ನ ರಜಿಸ್ಟರ್ ಮೇಲೆ ಭಂಡಾರದ ಅರಿಸಿನ ಉದುರಿತ್ತು. ಅಲ್ಲಿಯ ಮಕ್ಕಳು ಚುರುಕು. ಮೊದಲ ದಿನವೇ ನಾಲ್ಕನೆಯ ಸಾಲಿನ ಮೇಲೆ ಚರ್ಚೆ ಎದ್ದಿತು. ಮನೆಯಲ್ಲಿ ಅಜ್ಜಿ ಬಿಡ್ತು ಅನ್ನಿಸುವುದು ಪ್ರೀತಿಯಿಂದಲೇ ಅಲ್ಲವೇ ಎಂದು ಒಬ್ಬಳು ವಾದಿಸಿದಳು. ಹೌದು, ಪ್ರೀತಿಯಿಂದಲೇ, ಹೆದರಿಕೆಯಿಂದಲೂ ಎಂದು ಇಪ್ಪತ್ತು ಒಪ್ಪಿಕೊಂಡಳು. ಹೆದರಿದವರು ನಾವು, ಬಾಯಿ ಮುಚ್ಚಬೇಕಾದವರು ಅವರು, ಅದು ಸರಿಯಲ್ಲ ಎಂದಳು.

ಆ ಮಾತು ನನ್ನ ಜೊತೆ ಬಸ್ಸಿನಲ್ಲಿ ಮನೆಗೆ ಬಂತು. ಒಬ್ಬಳೇ ಇದ್ದಾಗ ಅಡುಗೆಮನೆಯ ಗೋಡೆಗೆ ಆ ವಾಕ್ಯ ಹೇಳಿ ನೋಡಿದೆ. ನಿನಗ ಎನ್ನುವವರೆಗೆ ಬಂತು. ಮುಂದೆ ನಾಲಿಗೆ ಏಳಲಿಲ್ಲ. ಜೀವಮಾನವಿಡೀ ಆಜ್ಞೆ ಕೊಟ್ಟ ಬಾಯಿ ಅದು. ಪ್ರಶ್ನೆ ಅದಕ್ಕೆ ರೂಢಿಯಿರಲಿಲ್ಲ.

ಕೊನೆಯದು ರಾಮದುರ್ಗ. ಕಾಲೇಜಿನ ಹಿಂದಿನ ಓಣಿಯಲ್ಲಿ ನೇಕಾರರ ಮನೆಗಳು. ಮಗ್ಗದ ಸದ್ದು ಬೆಳಗಿನಿಂದ ಸಂಜೆಯವರೆಗೆ ತರಗತಿಯೊಳಗೆ ಬರುತ್ತಿತ್ತು. ಮೂವತ್ತು ಮಕ್ಕಳಲ್ಲಿ ಒಬ್ಬಳು ನನ್ನ ಕಣ್ಣಿಗೆ ಬಿದ್ದಳು. ಎರಡನೆಯ ವರ್ಷದವಳು, ಆ ಓಣಿಯವಳೇ. ಹತ್ತಕ್ಕೆ ಬರಬೇಕಾದರೆ ಒಂಬತ್ತೂವರೆಗೆ ಬರುತ್ತಿದ್ದಳು. ಹೇಳದೆ ಕುರ್ಚಿಗಳನ್ನು ಹೊಂದಿಸುತ್ತಿದ್ದಳು. ಚಹಾ ಕುಡಿದ ಲೋಟವನ್ನು ತೊಳೆದು ಬೋರಲು ಹಾಕುತ್ತಿದ್ದಳು. ಮಾತು ಕಡಿಮೆ. ಅಭ್ಯಾಸದಲ್ಲಿ ಗೆಳತಿಯ ಪಾತ್ರ ವಹಿಸುವಾಗ ಮಾತ್ರ ಆ ವಾಕ್ಯವನ್ನು ತೊದಲದೆ, ನಗದೆ, ಮೊದಲ ಸಲಕ್ಕೇ ಹೇಳಿದಳು. ಇಪ್ಪತ್ತು ಶಹಬ್ಬಾಸ್ ಎಂದಳು. ನಾನಂತೂ, ಇವಳು ನನ್ನ ಹಾಸ್ಟೆಲ್ಲಿನಲ್ಲಿ ಇರಬೇಕಾಗಿತ್ತು ಎಂದುಕೊಂಡೆ.

ಮೂರನೆಯ ದಿನ ನಾಲ್ಕು ಗಂಟೆಗೆ ತರಬೇತಿ ಮುಗಿಯಿತು. ಪ್ರಮಾಣಪತ್ರ ಸೋಮವಾರ ಆಫೀಸಿನಲ್ಲಿ ಸಿಗುತ್ತದೆ ಎಂದು ಹೇಳಿ, ಸಹಿ ಮಾಡಿಸಿಕೊಂಡು ಒಬ್ಬೊಬ್ಬರನ್ನೇ ಕಳಿಸುತ್ತಿದ್ದೆ. ನಮ್ಮ ಬಸ್ಸು ನಾಲ್ಕೂವರೆಗೆ. ಇಪ್ಪತ್ತು ಒಳಗೆ ಪ್ರಿನ್ಸಿಪಾಲರ ಜೊತೆ ಮಾತಾಡುತ್ತಿದ್ದಳು. ಆ ಹುಡುಗಿ ನನ್ನ ಮೇಜಿನ ಬಳಿ ಬಂದು ತರಬೇತಿಯ ಪುಸ್ತಿಕೆಯನ್ನು ಇಟ್ಟಳು. ಕಂದು ಕಾಗದದ ರಟ್ಟು ಹಾಕಿದ್ದಳು. ಮೂಲೆ ಮಡಿಚಿರಲಿಲ್ಲ, ಒಂದು ಗೀರು ಕೂಡ ಇರಲಿಲ್ಲ.

ಅದು ಮರಳಿಸಬೇಕಾದ್ದಲ್ಲ, ನಿನಗೇ ಇಟ್ಟುಕೊಳ್ಳಲು ಕೊಟ್ಟದ್ದು ಎಂದೆ.

"ಇರಲ್ರಿ. ಬ್ಯಾರೆದವ್ರಿಗೆ ಕೊಡ್ರಿ, ಹೊಸಾದಂಗ ಐತಿ. ನನ್ನ ಸರ್ಟಿಫಿಕೇಟ್ ಇಕೀ ಕಡೆ ಕೊಟ್ಟುಬಿಡ್ರಿ," ಎಂದು ಪಕ್ಕದ ಗೆಳತಿಯನ್ನು ತೋರಿಸಿದಳು. ಗೆಳತಿಯ ಕೈಯಲ್ಲಿ ಅದಾಗಲೇ ಇವಳ ಛತ್ರಿಯೂ ಇತ್ತು.

"ಭೇಷ್. ಎಷ್ಟ್ ಚೊಲೋ ಇಟ್ಟೀ," ಎಂದೆ ನಾನು.

ನನ್ನ ದನಿ ನನಗೇ ಕೇಳಿಸಿತು. ಜೋಳದ ಚೀಲದ ವಾಸನೆ ಮೂಗಿಗೆ ಬಂತು. ಇದು ಬರಹದ ಮಾತಲ್ಲ, ನಿಜವಾಗಿ ಬಂತು. ಪುಸ್ತಿಕೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ; ಹುಡುಗಿ ಆಗಲೇ ಮೆಟ್ಟಿಲು ಇಳಿದಿದ್ದಳು. ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳು ಸಹಿಗೆ ನಿಂತಿದ್ದರು. ರಜಿಸ್ಟರನ್ನು ತೆರೆದ ಹಾಗೆಯೇ ಬಿಟ್ಟು ಎದ್ದೆ. ಹಾಗೆ ನಾನು ಹಿಂದೆಂದೂ ಎದ್ದವಳಲ್ಲ.

ಅಂಗಳದ ಬೇವಿನ ಗಿಡದ ಕೆಳಗೆ ನೀರಿನ ನಳ ಇತ್ತು. ಅವಳು ಅಲ್ಲಿ ಕೈ ತೊಳೆಯುತ್ತಿದ್ದಳು. ಸರ್ಟಿಫಿಕೇಟ್ ತೆಗೆದುಕೊಳ್ಳಲು ನೀನೇ ಯಾಕೆ ಬರುವುದಿಲ್ಲ ಎಂದು ಕೇಳಿದೆ. ತಿರುಗಿ ನೋಡದೆ ಉತ್ತರಿಸಿದಳು.

"ಸೋಮವಾರ ಯಾರ ಇರ್ತಾರ, ಯಾರ ಇಲ್ಲ, ಯಾರಿಗೆ ಗೊತ್ರಿ."

"ಬಿಡ್ತು ಅನ್ನು," ಎಂದಿತು ನನ್ನ ಬಾಯಿ.

ನಾಲ್ಕು ಊರು, ಹನ್ನೆರಡು ದಿನ ಕೆಂಪು ಅಕ್ಷರಗಳ ಎದುರಿಗೆ ಕುಳಿತವಳು ನಾನು. ಆದರೂ ಅದೇ ಬಂತು. ಹುಡುಗಿ ನನ್ನ ಮುಖ ನೋಡಿದಳು. ಅದೇ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವಳ ತುಟಿ ಕೂಡಿ, "ಬಿಡ್..." ಎಂದು ಶುರುವಾಯಿತು. ನನ್ನ ಕೈ ಅವಳ ಬಾಯಿಗೆ ಅಡ್ಡ ಹೋಯಿತು.

"ಬ್ಯಾಡ ತಂಗಿ. ಅನ್ನಬ್ಯಾಡ. ತಪ್ಪು ನಂದು," ಎಂದೆ. ಗಿಡದ ಕಟ್ಟೆಯ ಮೇಲೆ ಕುಳಿತು ಅವಳನ್ನೂ ಕೂಡಿಸಿಕೊಂಡೆ. ಆಮೇಲೆ ಕೇಳಿದೆ. "ನಿನಗ ಸಾಯಬೇಕು ಅನ್ನಸ್ತೈತೇನು?"

ನಳ ಪೂರ್ತಿ ನಿಂತಿರಲಿಲ್ಲ, ಹನಿ ಬೀಳುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ಬಂದು ಕುಳಿತಳು. ನೀರು ದಂಡವಾಗಬಾರದು ಎಂಬ ಶಿಸ್ತು ಆ ಹೊತ್ತಿಗೂ ಅವಳಲ್ಲಿತ್ತು.

"ಹೂಂನ್ರಿ," ಎಂದಳು. ಒದ್ದೆ ಕೈ ಒರೆಸಿಕೊಳ್ಳುತ್ತ, "ಯಾರೂ ಕೇಳಿದ್ದಿಲ್ರಿ," ಎಂದಳು.

ಆಮೇಲೆ ಅವಳು ಹೇಳಿದ್ದು ಅವಳದು. ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ನಾನು ಬುದ್ಧಿ ಹೇಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ. ನಾಲ್ಕೂವರೆಯ ಬಸ್ಸು ಗೇಟಿನ ಮುಂದೆ ಹಾರ್ನ್ ಹೊಡೆದು ಹೋಯಿತು. ಅಳು ಬಂದಾಗ ಅತ್ತಳು, ಸೆರಗು ಕೊಟ್ಟೆ. ನಡುವೆ ಒಮ್ಮೆ, ನೀವು ಇದನ್ನ ಮೊದಲ ಯಾರಿಗರ ಕೇಳಿದ್ರೇನ್ರಿ ಎಂದಳು. ಇಲ್ಲ ಎಂದೆ. ಯಾಕೆ ಎನ್ನಲಿಲ್ಲ ಅವಳು. ಅದು ಅವಳ ದೊಡ್ಡತನ.

ಇದನ್ನು ನಾನೊಬ್ಬಳೇ ಇಟ್ಟುಕೊಳ್ಳುವ ಹಾಗಿಲ್ಲ, ನಿನ್ನ ಜೊತೆಗೇ ಇರುತ್ತೇನೆ, ಆದರೆ ಮೇಡಮ್ಮರನ್ನು ಕರೆಯುತ್ತೇನೆ ಎಂದು ಹೇಳಿದೆ. ತಲೆ ಆಡಿಸಿದಳು. ಇಪ್ಪತ್ತು ಬಂದಳು. ಅವಳು ಆ ಹುಡುಗಿಯ ಎದುರಿಗೆ ನೆಲದ ಮೇಲೆಯೇ ಕುಳಿತು ಏನು ಏನು ಕೇಳಬೇಕೋ ಎಲ್ಲವನ್ನೂ ಮೆತ್ತಗೆ ಕೇಳಿದಳು. ಆ ಸಂಜೆಯೇ ಡಾಕ್ಟರಿಗೆ ತೋರಿಸುವ ವ್ಯವಸ್ಥೆ ಮಾಡಿದಳು. ಮನೆಯಲ್ಲಿ ಯಾರಿಗೆ ಹೇಳಬಹುದು ಎಂದಾಗ ಹುಡುಗಿ ತನ್ನ ಚಿಕ್ಕಮ್ಮ, ಚಿಗವ್ವನ ಹೆಸರು ಹೇಳಿದಳು.

ಚಿಗವ್ವ ಮಗ್ಗದಿಂದ ಎದ್ದು ಹಾಗೆಯೇ ಬಂದಿದ್ದಳು. ಕೂದಲ ತುಂಬ ಹತ್ತಿಯ ಎಳೆ. ವಿಷಯ ಕೇಳಿ ಅವಳ ಬಾಯಿಂದ ಬಂದ ಮೊದಲ ಮಾತೂ ಅದೇ.

"ಏನ್ ಮಾತ್ರಿ ಇವು. ಬಿಡ್ತು ಅನ್ನ ನಮ್ಮವ್ವಾ."

"ಇವತ್ತ ಬ್ಯಾಡ್ರಿ ಅವ್ವಾ," ಎಂದಳು ಇಪ್ಪತ್ತು. "ಇವತ್ತ ಅಕಿ ಮಾತಾಡ್ಲಿ, ನಾವು ಕೇಳೂನು."

ಚಿಗವ್ವ ಹುಡುಗಿಯ ಮಗ್ಗುಲಿಗೆ ಕುಳಿತು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಡಾಕ್ಟರ ಬಳಿಗೆ ಹೋಗುವವರೆಗೆ ಬಿಡಲಿಲ್ಲ. ಅಲ್ಲಿ ಎಲ್ಲ ಗೊತ್ತುಮಾಡಿ, ಚಿಗವ್ವ ಅವಳನ್ನು ತನ್ನ ಹತ್ತಿರವೇ ಮಲಗಿಸಿಕೊಳ್ಳುತ್ತೇನೆ, ಒಬ್ಬಳನ್ನೇ ಬಿಡುವುದಿಲ್ಲ ಎಂದು ಒಪ್ಪಿದ ಮೇಲೆ ನಾವು ಬಸ್ ಸ್ಟ್ಯಾಂಡಿಗೆ ಬಂದೆವು.

ಯರಗಟ್ಟಿಯ ಮೇಲಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸು ಏಳಕ್ಕೆ ಇತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತೆವು. ಸ್ಟ್ಯಾಂಡಿನ ಗಡಿಯಾರ ಆರೂ ನಲವತ್ತು ತೋರಿಸುತ್ತಿತ್ತು. ಚುರುಮುರಿಯ ಪೊಟ್ಟಣ ಬಿಚ್ಚಿ ಇಪ್ಪತ್ತು ನನ್ನ ಮುಂದೆ ಹಿಡಿದಳು. ಬೇಡ ಎಂದೆ. ಬಾಯಲ್ಲಿ ನಂಬರುಗಳು ಶುರುವಾಗುವ ಹೊತ್ತು ಹತ್ತಿರ ಬರುತ್ತಿತ್ತು. ಅದಕ್ಕೆ ಮೊದಲು ಹೇಳಿಬಿಡಬೇಕು ಎನ್ನಿಸಿತು. ಉಗ್ರಾಣ, ಬಕೆಟ್, ಅವಳು ಹೇಳಿದ್ದು, ನಾನು ಅನ್ನಿಸಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವಳು ಚುರುಮುರಿಯ ಪೊಟ್ಟಣವನ್ನು ಮೆಲ್ಲಗೆ ಮಡಿಚಿದಳು.

"ನಂಗ ಗೊತ್ತೈತ್ರಿ ಬಾಯಾರ. ನಾ ಬಾಗಲ ಹೊರಗ ನಿಂತಿದ್ನಿ."

ಆ ಸಂಜೆ ಸಾಬೂನು ಕೇಳಲು ಬಂದಿದ್ದಳಂತೆ. ಒಳಗೆ ಮಾತು ನಡೆದಿದೆ ಎಂದು ಗೋಡೆಗೆ ಸರಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಿಂಗಳುಗಟ್ಟಲೆ ಮಗ್ಗುಲ ಮಂಚದ ಅಳು ಕೇಳಿದವಳು ಅವಳು. ಆ ಮಾತಿನ ತೂಕ ಅವಳಿಗೆ ಗೊತ್ತಾಗಿತ್ತು.

"ಅಕಿ ಹೊರಗ ಬಂದಾಗ ಕೈ ಹಿಡದು ಕೇಳಬೇಕು ಅಂತ ಬಾಯಿಗೆ ಬಂದಿತ್ರಿ," ಎಂದಳು. "ಬಾಯಾರು ಬಿಡ್ತು ಅನ್ನಿಸ್ಯಾರ, ಅಕಿನೂ ಅಂದಾಳ, ಇನ್ನ ನಾ ಏನ್ ಕೇಳೂದು ಅಂತ ಸುಮ್ನಾದ್ನಿ. ಖರೇ ಹೇಳ್ಬೇಕಂದ್ರ, ನಂಗ ಸಮಾಧಾನ ಆತ್ರಿ."

ನಾನು ಒಬ್ಬಳ ಬಾಯಿ ಮುಚ್ಚಿಸಿದ್ದೇನೆ ಎಂದುಕೊಂಡಿದ್ದೆ. ಆ ಸಂಜೆ ಇಬ್ಬರದನ್ನು ಮುಚ್ಚಿಸಿದ್ದೆ.

ಹಾಗಾದರೆ ಆ ಕೆಂಪು ಸಾಲು ನನಗೆಂದೇ ಬರೆದದ್ದೇ ಎಂದು ಕೇಳಿದೆ. ಅಲ್ಲ ಎಂದಳು. ಅದನ್ನು ತನಗೆ ತಾನೇ ಬರೆದುಕೊಂಡದ್ದು, ಎಂಟು ವರ್ಷದಿಂದ ಎಲ್ಲ ಊರಿನಲ್ಲೂ ಬರೆಯುತ್ತಿದ್ದಾಳೆ. ಮತ್ತೆ ನನ್ನನ್ನು ಯಾಕೆ ಕರೆದೆ ಎಂದೆ. ಕುರ್ಚಿ ಹಾಕಲು ಎಂಥವರಾದರೂ ಸಿಗುತ್ತಿದ್ದರಲ್ಲ.

ಬಸ್ಸು ಬಂದು ನಿಂತು, ಜನ ನುಗ್ಗಿ, ಕಂಡಕ್ಟರ್ ಊರುಗಳ ಹೆಸರು ಕೂಗಲು ಶುರು ಮಾಡಿದ ಮೇಲೆ ಹೇಳಿದಳು.

"ನಾ ಒಬ್ಬಾಕೀನ ಇದನ್ನ ಹೊತ್ಕೊಂಡು ತಿರಗಿ ಸಾಕಾಗಿತ್ರಿ."

ಯರಗಟ್ಟಿಯಲ್ಲಿ ಅವಳು ಬೆಳಗಾವಿಯ ಬಸ್ಸಿಗೆ ಇಳಿದಳು. ಕಿಟಕಿಯ ಹೊರಗೆ ನಿಂತು, ಹಾಸ್ಟೆಲ್ಲಿನಲ್ಲಿ ಮಾಡುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು.

ರಾಮದುರ್ಗದ ಹುಡುಗಿ ಈಗ ಔಷಧಿ ತೆಗೆದುಕೊಳ್ಳುತ್ತಾಳೆ, ಹದಿನೈದು ದಿನಕ್ಕೊಮ್ಮೆ ಇಪ್ಪತ್ತನ್ನು ಕಾಣುತ್ತಾಳೆ. ಕಾಲೇಜಿಗೂ ಹೋಗುತ್ತಿದ್ದಾಳೆ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅಂಥ ವಾಕ್ಯ ಬರೆಯುವ ಧೈರ್ಯ ಹೋಗಿದೆ. ದಿನವೂ ಸಂಜೆ ಆರೂವರೆಗೆ ನನಗೊಂದು ಮೆಸೇಜ್ ಕಳಿಸುತ್ತಾಳೆ. ಚಹಾ ಆತ್ರಿ, ಇವತ್ತ ಮಳಿ ಬಂತ್ರಿ, ಇಷ್ಟೇ. ಹೋದ ವಾರ ಒಂದು ದಿನ ಆರೂ ನಲವತ್ತಾದರೂ ಬರಲಿಲ್ಲ. ನಾನೇ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ನಾಲ್ಕನೆಯ ಸಲಕ್ಕೆ ಎತ್ತಿದಳು. ಗಿರಣಿಯಲ್ಲಿ ಹಿಟ್ಟು ಹಾಕಿಸುತ್ತಿದ್ದಳಂತೆ, ಆ ಸದ್ದಿಗೆ ಕೇಳಿಸಿರಲಿಲ್ಲ. ಹೇಗಿದ್ದೀ ಎಂದು ಕೇಳಿದೆ. ಇವತ್ತು ಅಷ್ಟು ಚೆನ್ನಾಗಿಲ್ಲ ಎಂದಳು. ಹೇಳು ಎಂದೆ. ಗಿರಣಿಯ ಹೊರಗೆ ಬಂದು ನಿಂತು ಹೇಳಿದಳು. ನಡುವೆ ನನ್ನ ಗಡಿಯಾರ ಆರೂ ಮುಕ್ಕಾಲು ದಾಟಿ ಹೋಯಿತು.

ಫೋನ್ ಇಟ್ಟ ಮೇಲೆ ಹಾಜರಿ ಶುರುವಾಯಿತು, ಏಳು ಗಂಟೆಗೆ, ತಡವಾಗಿ. ಹದಿನೇಳು. ಹದಿನೆಂಟು. ನಾನು ಹಾರಲಿಲ್ಲ. ಹತ್ತೊಂಬತ್ತು ಎಂದೆ, ಬಾಯಿಬಿಟ್ಟು, ದನಿ ತೆಗೆದು. ಒಬ್ಬರು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮೆಂತ್ಯೆಯ ಕಡ್ಡಿಗಳನ್ನು ಮೊರದಲ್ಲಿ ಒಟ್ಟುಮಾಡಿ ಇಪ್ಪತ್ತು ಎಂದೆ.